ಕೇಳಿ ಕಲಿತ ವೈದ್ಯ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ರಾಮನಗರವನ್ನು ದಾಟಿದ ಮೇಲೆ, ಚನ್ನಪಟ್ಟಣಕ್ಕೆ ಮುಂಚೆ, ಕೆಂಗಲ್ ಸಿಕ್ಕುತ್ತದೆ. ಕೆಂಪು ಕಲ್ಲಿನಲ್ಲಿ ಮೂಡಿದ ಹನುಮಂತರಾಯನಿಂದ ಊರಿಗೆ ಈ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಸಂಕ್ರಾಂತಿಯ ಸುಮಾರಿಗೆ ಇಲ್ಲಿ ನಡೆಯುವ ದನಗಳ ಜಾತ್ರೆಯನ್ನು ಸುತ್ತಣ ಸೀಮೆಯ ಒಕ್ಕಲುಮಕ್ಕಳೆಲ್ಲ ಬಲ್ಲರು. ಈ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡ ಹನುಮಂತಯ್ಯನವರು 1952ರಲ್ಲಿ ಮೈಸೂರು ಸಂಸ್ಥಾನದ ಮುಖ್ಯಮಂತ್ರಿಗಳಾಗಿ ವಿಧಾನಸೌಧವನ್ನು ಕಟ್ಟಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನಾನಿಲ್ಲಿ ಬರೆಯಹೊರಟಿರುವುದು ಅವರ ವಿಷಯವನ್ನಲ್ಲ. ಡೆನ್ಮಾರ್ಕಿನಲ್ಲಿ ಹುಟ್ಟಿ, ನಮ್ಮ ನಾಡಿನಲ್ಲಿ ಕೆಲಕಾಲವಿದ್ದು, ಮುಂದೆ ಜಿನೀವಾದಲ್ಲಿ ಕುಳಿತು ಪ್ರಪಂಚದ ಆರೋಗ್ಯದ ಹೊಣೆಯನ್ನು ಹದಿನೈದು ವರ್ಷ ಹೊತ್ತ ಒಬ್ಬ ವೈದ್ಯರ ವಿಷಯವನ್ನು. ಕನ್ನಡದ ಪಾಠ ಹೇಳಿಕೊಂಡಿರುವವನಿಗೆ ವೈದ್ಯರ ಚರಿತ್ರೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಮನೆಯ ಅಟ್ಟದ ಮೇಲಿರುವ ಒಂದು ಗಾಜಿನ ಸೀಸೆ.

ನಮ್ಮ ತಾತನ ಅಣ್ಣನನ್ನು ಮನೆಯಲ್ಲಿ ದೊಡ್ಡ ತಾತ ಎನ್ನುವುದು ವಾಡಿಕೆ. ನಾನು ಅವರನ್ನು ಕಂಡವನಲ್ಲ. 1959ರ ಸುಮಾರಿನಲ್ಲಿ, ಇನ್ನೂ ನಲವತ್ತು ತುಂಬುವುದಕ್ಕೆ ಮೊದಲೇ, ಅವರು ಕೆಮ್ಮಿ ಕೆಮ್ಮಿ ತೀರಿಕೊಂಡರಂತೆ. ಚಿಕ್ಕಂದಿನಿಂದಲೂ ನಾನು ಕೇಳಿದ ಕಥೆ ಒಂದೇ: "ಆಸ್ಪತ್ರೆಗೆ ಹೋಗು ಎಂದರೆ ಹೋಗಲಿಲ್ಲ, ಹಠ ಮಾಡಿ ಸತ್ತ." ನಮ್ಮ ತಂದೆ ಈ ಮಾತನ್ನು ನೀತಿಕಥೆಯ ಹಾಗೆ ಹೇಳುತ್ತಿದ್ದರು, ನನಗೆ ಜ್ವರ ಬಂದಾಗಲೆಲ್ಲ ದೊಡ್ಡ ತಾತನ ಹಠದ ಉದಾಹರಣೆ ಬರುತ್ತಿದ್ದಿತು. ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ ಒಂದು ಸಂಜೆ ಅಜ್ಜಿಯ ಮುಂದೆಯೂ ಇದೇ ಮಾತು ಬಂದಿತು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ಹೇಳಿದರು: "ಬಾವನೋರು ಓಗ್ದೆ ಇದ್ರಾ ಮಗ? ಮೂರ್ ಸಲ ಗಾಡಿ ಕಟ್ಟಿಸ್ಕೊಂಡು ಓದ್ರು. ಮೂರ್ ಸಲಾನೂ ಒಂದೊಂದು ಸೀಸೆ ಕೊಟ್ಟು ಕಳುಸುದ್ರು."

ಆ ಸೀಸೆಗಳಲ್ಲಿ ಒಂದು ಉಳಿದುಕೊಂಡಿದ್ದಿತು. ಹಿಂದೆ ಆಸ್ಪತ್ರೆಗಳಲ್ಲಿ ಕೆಮ್ಮಿನ ಮಿಕ್ಸ್‌ಚರ್ ತುಂಬಿಸಿಕೊಡುತ್ತಿದ್ದ ಸೀಸೆ. ಪಕ್ಕದಲ್ಲಿ ಒಂದೊಂದು ಹೊತ್ತಿನ ಅಳತೆಗೆ ಅಂಟಿಸಿದ್ದ ಕಾಗದದ ಪಟ್ಟಿಯ ಗುರುತು. ಬಹಳ ಕಾಲ ಅದರಲ್ಲಿ ಹರಳೆಣ್ಣೆ ಇಡುತ್ತಿದ್ದರು. ಆಸ್ಪತ್ರೆ ಯಾವುದೆಂಬುದು ಇಲ್ಲಿ ಬೇಡ. ಆ ದಿನಗಳಲ್ಲಿ ಎಲ್ಲೆಡೆಯೂ ನಡೆಯುತ್ತಿದ್ದುದೇ ಅಲ್ಲಿಯೂ ನಡೆದಿರಬೇಕು. ಅಜ್ಜಿಯ ಮಾತನ್ನು ನಾನು ಆಗ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೆಲವು ವರ್ಷಗಳ ಮೇಲೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ತುಮಕೂರಿಗೆ ಹೋಗಿದ್ದಾಗ, ನಿವೃತ್ತ ವೈದ್ಯರೊಬ್ಬರು ಮಾತಿನ ನಡುವೆ, "ನಿಮ್ಮ ಅಜ್ಜಿ ಹೇಳಿದ್ದನ್ನೇ ಈ ಜಿಲ್ಲೆಯ ಹಳ್ಳಿಗಳು ಪ್ರಪಂಚಕ್ಕೆ ಹೇಳಿದವು" ಎಂದರು. ಅಂದಿನಿಂದ ಈ ಚರಿತ್ರೆಯ ಜಾಡು ಹಿಡಿದು ಓದಲಾರಂಭಿಸಿದೆ.

ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಅದರ ಹೆಸರು ನಮ್ಮ ಸೀಮೆಗೆ ಬರಲು ಬಹಳ ದಿನ ಬೇಕಾಗಲಿಲ್ಲ. ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದ ರಾಮನಗರದಲ್ಲಿ 1930ರ ದಶಕದಲ್ಲಿಯೇ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಡನೆ ಗ್ರಾಮಾರೋಗ್ಯದ ತರಬೇತಿ ಕೇಂದ್ರವೊಂದನ್ನು ನಡೆಸುತ್ತಿದ್ದಿತು. ಹೀಗೆ ಸಜ್ಜಾಗಿದ್ದ ಊರೆಂದೇ ಇರಬೇಕು, 1951ರ ಕೊನೆಯಲ್ಲಿ ಭಾರತ ಸರ್ಕಾರದ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದ ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರು ಕುಟುಂಬ ಯೋಜನೆಯ ಪ್ರಯೋಗಕ್ಕೆ ಆರಿಸಿಕೊಂಡ ಎಡೆಗಳು ಎರಡು: ಒಂದು ದಿಲ್ಲಿಯ ಲೋದಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಪ್ರಯೋಗವೇನೆಂದರೆ, ತಿಂಗಳ ಕೆಲವು ದಿನಗಳಲ್ಲಿ ದಂಪತಿಗಳು ಸಂಯಮದಿಂದಿರುವುದು. ದಿನಗಳ ಲೆಕ್ಕ ತಪ್ಪದಿರಲೆಂದು ಹೆಂಗಸರ ಕೈಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿಯಂತೆ ಸರಿಸುತ್ತ ಹೋಗಬೇಕು. ಪ್ರಯೋಗ ಫಲಿಸಲಿಲ್ಲ. ಮಣಿಸರಗಳು ಮೂಲೆ ಸೇರಿದವು.

ಇದರಲ್ಲಿ ಒಂದು ವಿನೋದವೂ ಉಂಟು, ಒಂದು ವಿಷಾದವೂ ಉಂಟು. ಇದೇ ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನನಿಯಂತ್ರಣದ ಸಲಹಾಕೇಂದ್ರಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆಯಲು ಆಜ್ಞೆ ಹೊರಡಿಸಿದ್ದಿತು. ಇಪ್ಪತ್ತು ವರ್ಷಗಳ ಮೇಲೆ ವಿಶ್ವಸಂಸ್ಥೆ ಬಂದು ಅದಕ್ಕಿಂತ ಹಿಂದಿನ ಪಾಠವನ್ನು ಹೇಳಿತು. ಏಕೆಂದರೆ ಪಾಠ ಗೊತ್ತಾದದ್ದು ರಾಮನಗರದಲ್ಲಲ್ಲ. ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತಕೌರ್ ಅವರಿಗೆ ಗಾಂಧೀಜಿಯವರ ದಾರಿಯ ಸಂಯಮವೊಂದೇ ಒಪ್ಪಿಗೆಯಾಗಿದ್ದಿತು. ಅತ್ತ ಜಿನೀವಾದಲ್ಲಿ, 1952ರ ಪ್ರಪಂಚ ಆರೋಗ್ಯ ಸಭೆಯಲ್ಲಿ, ಜನಸಂಖ್ಯೆಯ ಪ್ರಶ್ನೆಯನ್ನು ಪರಿಶೀಲಿಸಲು ತಜ್ಞರ ಸಮಿತಿ ಬೇಕೆಂದು ನಾರ್ವೆ ಕೇಳಿದ ಕೂಡಲೇ ಬೆಲ್ಜಿಯಂ, ಐರ್ಲೆಂಡ್, ಇಟಲಿ ಮೊದಲಾದ ಕ್ಯಾಥೊಲಿಕ್ ದೇಶಗಳು ಎದ್ದು ನಿಂತವು. ಸಂಸ್ಥೆಯೇ ಒಡೆದು ಹೋಗುವ ಭಯ ಹುಟ್ಟಿ ಸೂಚನೆಯನ್ನು ಕೈಬಿಡಬೇಕಾಯಿತು. ಹೀಗೆ ದಿಲ್ಲಿಗೂ ಒಪ್ಪಿಗೆಯಾಗಬೇಕು, ಜಿನೀವಾಕ್ಕೂ ಒಪ್ಪಿಗೆಯಾಗಬೇಕು ಎಂದು ಆರಿಸಿದ ಮಾರ್ಗವದು. ಒಪ್ಪಿಗೆಯೇ ಎಂದು ಮೊದಲಿಗೆ ಕೇಳಬೇಕಾಗಿದ್ದುದು ಮಣಿ ಎಣಿಸುವ ಹೆಂಗಸನ್ನು. ಆಕೆಯ ಸರದಿ ಎಲ್ಲಕ್ಕಿಂತ ಕೊನೆಗೆ ಬಂದಿತು.

ಸ್ಟೋನ್ ಅವರು ರಾಮನಗರಕ್ಕೆ ಬಂದ ಅದೇ 1951ರಲ್ಲಿ ಇನ್ನೊಬ್ಬ ವೈದ್ಯ ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆ ಸೇರಿ ಭಾರತಕ್ಕೆ ಬಂದರು. ಅವರೇ ಹಾಫ್‌ಡಾನ್ ಮಾಹ್ಲರ್. 1923ರ ಏಪ್ರಿಲ್ 21ರಂದು ಡೆನ್ಮಾರ್ಕಿನ ವಿವಿಲ್ಡ್ ಎಂಬ ಊರಿನಲ್ಲಿ ಹುಟ್ಟಿದವರು. ತಂದೆ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ 1948ರಲ್ಲಿ ವೈದ್ಯಪದವಿ ಪಡೆದು, ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಕ್ಷಯನಿವಾರಣೆಯ ಕೆಲಸ ಮಾಡಿ, ಅಲ್ಲಿಂದ ಇಲ್ಲಿಗೆ ಬಂದವರು. ಸುಮಾರು ಹತ್ತು ವರ್ಷ ಭಾರತದಲ್ಲಿಯೇ ಉಳಿದರು.

ಆಗ ನಮ್ಮಲ್ಲಿ ಕ್ಷಯರೋಗವೆಂದರೆ ಪಟ್ಟಣದ ರೋಗ, ಗಿರಣಿಯ ಹೊಗೆಯಲ್ಲಿ ದುಡಿಯುವವರ ರೋಗ ಎಂಬ ಭಾವನೆ ಬಲವಾಗಿದ್ದಿತು. 1955ರಿಂದ 1958ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆ ಈ ಭ್ರಮೆಯನ್ನು ಹರಿಯಿತು. ಹಳ್ಳಿಯಲ್ಲಿಯೂ ರೋಗ ಪಟ್ಟಣದಷ್ಟೇ ಇದ್ದಿತು. ಸಾವಿರಕ್ಕೆ ಸುಮಾರು ನಾಲ್ಕು ಜನರ ಕಫದಲ್ಲಿ ಕ್ಷಯದ ಕ್ರಿಮಿ ಇದ್ದಿತು. ಇಷ್ಟು ಜನರಿಗೆ ಸ್ಯಾನಟೋರಿಯಂ ಎಲ್ಲಿ ಕಟ್ಟುವುದು? ಈ ಪ್ರಶ್ನೆಗೆ 1959ರಲ್ಲಿ ಮದರಾಸಿನಿಂದ ಉತ್ತರ ಬಂದಿತು. ಅಲ್ಲಿಯ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿದ ಬಡರೋಗಿಗಳೂ ಸ್ಯಾನಟೋರಿಯಂನಲ್ಲಿ ಮಲಗಿದ್ದವರೂ ಹೆಚ್ಚು ಕಡಮೆ ಒಂದೇ ಸಮನಾಗಿ ಗುಣಹೊಂದಿದ್ದರು. ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲಿಯೇ ಬಂದಿದ್ದಿತು. ಅಗ್ಗದ ಮಾತ್ರೆಯಾದ ಐಸೊನಿಯಜಿಡ್ 1952ರಿಂದ ಬಳಕೆಯಲ್ಲಿದ್ದಿತು. ನಮ್ಮ ದೊಡ್ಡ ತಾತ ಔಷಧವಿಲ್ಲದ ಕಾಲದಲ್ಲಿ ಸತ್ತವರಲ್ಲ ಎಂಬುದು ಇಲ್ಲಿಗೆ ಬಂದಾಗ ನನಗೆ ತಿಳಿಯಿತು. ಔಷಧವಿದ್ದಿತು, ಔಷಧಕ್ಕೂ ಅವರಿಗೂ ನಡುವೆ ಒಂದು ಕೆಮ್ಮಿನ ಸೀಸೆ ನಿಂತಿದ್ದಿತು.

ದೇಶಕ್ಕೆಲ್ಲ ಹೊಂದುವಂಥ ಕ್ಷಯನಿವಾರಣೆಯ ಮಾರ್ಗವನ್ನು ಕಂಡುಹಿಡಿಯಬೇಕೆಂದು ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1959ರಲ್ಲಿ ಸ್ಥಾಪಿಸಿದರು. ಬಳ್ಳಾರಿ ರಸ್ತೆಯಲ್ಲಿರುವ ಅದನ್ನು 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ವಿಧಿವತ್ತಾಗಿ ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅದನ್ನು ರೂಪಿಸಲು ದುಡಿದವರಲ್ಲಿ ಮಾಹ್ಲರ್ ಮುಖ್ಯರು. ಸಂಸ್ಥೆಯ ವೈಶಿಷ್ಟ್ಯವೇನೆಂದರೆ, ಅಲ್ಲಿ ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರಿಗೂ ಸಮಾಜಶಾಸ್ತ್ರ ಬಲ್ಲವರಿಗೂ ಸಮನಾದ ಜಾಗವಿದ್ದಿತು. ರೋಗ ದೇಹದಲ್ಲಿರುವುದು ನಿಜ. ಆದರೆ ರೋಗಿ ಊರಿನಲ್ಲಿರುತ್ತಾನೆ, ಅವನನ್ನು ಅಲ್ಲಿಯೇ ಕಾಣಬೇಕು ಎಂಬುದು ಅವರ ಎಣಿಕೆ.

ಇವರು ಕ್ಷೇತ್ರವಾಗಿ ಆರಿಸಿಕೊಂಡುದು ತುಮಕೂರು ಜಿಲ್ಲೆಯನ್ನು. ನಮ್ಮ ಮಾಗಡಿಯನ್ನು ದಾಟಿ ಕುಣಿಗಲ್ಲಿನತ್ತ ನಡೆದರೆ ಆ ಜಿಲ್ಲೆ ತೊಡಗುತ್ತದೆ. ಮೊದಲು ಹಳ್ಳಿಹಳ್ಳಿಗೆ ಎಕ್ಸರೇ ಯಂತ್ರವನ್ನು ಕೊಂಡೊಯ್ದು ರೋಗ ಯಾರಿಗಿದೆಯೆಂದು ಪತ್ತೆ ಮಾಡಿದರು. ಅನಂತರ ಡಾಕ್ಟರ್ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರ ಮಾರ್ಗದರ್ಶನದಲ್ಲಿ 34 ಹಳ್ಳಿಗಳಲ್ಲಿಯೂ ಪಟ್ಟಣದ 4 ವಿಭಾಗಗಳಲ್ಲಿಯೂ ಪ್ರಶ್ನೆ ಕೇಳುವವರು ಹೊರಟರು. ಪ್ರಶ್ನೆಗಳು ಬಹಳ ಸರಳ. ನಿಮಗೆ ಮೈಯಲ್ಲಿ ಹೇಗಿದೆ? ಕೆಮ್ಮು ಎಷ್ಟು ದಿನದಿಂದ? ಅದರಿಂದ ಚಿಂತೆಯಾಗಿದೆಯೇ? ಚಿಂತೆಯಾಗಿದ್ದರೆ ಏನು ಮಾಡಿದಿರಿ?

ಅಂದಿನ ತಿಳಿದವರ ನಂಬಿಕೆ ಹೀಗಿದ್ದಿತು: ಹಳ್ಳಿಯವನು ಅಜ್ಞಾನಿ, ಕೆಮ್ಮಿದರೆ ಮಂತ್ರ ಹಾಕಿಸುತ್ತಾನೆ, ತಾಯಿತ ಕಟ್ಟಿಸುತ್ತಾನೆ, ಆಸ್ಪತ್ರೆಗೆ ಬರುವಂತೆ ಅವನಿಗೆ ತಿಳಿವಳಿಕೆ ಹೇಳಬೇಕು, ಇಲ್ಲವೇ ಯಂತ್ರಗಳನ್ನು ಹೊತ್ತು ಅವನನ್ನು ಹುಡುಕಿಕೊಂಡು ಹೋಗಬೇಕು. ಸಮೀಕ್ಷೆಯಲ್ಲಿ ಕಂಡುದು ಬೇರೆ. ಕಫದಲ್ಲಿ ಕ್ರಿಮಿಯಿದ್ದ ಪ್ರತಿ ನೂರು ಜನರಲ್ಲಿ ಸುಮಾರು 95 ಜನಕ್ಕೆ ತಮಗೆ ಏನೋ ಆಗಿದೆಯೆಂಬ ಅರಿವಿದ್ದಿತು; ಸುಮಾರು 72 ಜನ ಚಿಂತೆಗೊಳಗಾಗಿದ್ದರು; ಅರ್ಧಕ್ಕಿಂತ ಹೆಚ್ಚು ಜನ, ಎಂದರೆ ಸುಮಾರು 52 ಮಂದಿ, ಚಿಕಿತ್ಸೆಯನ್ನು ಬೇಡಿ ಆಗಲೇ ಹೊರಟು ಹೋಗಿ ಬಂದಿದ್ದರು. ಅವರು ಹೋದುದು ಸರ್ಕಾರಿ ವೈದ್ಯಾಲಯಗಳ ಬಾಗಿಲಿಗೆ. ಅಲ್ಲಿ ಅವರ ಕಫವನ್ನು ನೋಡಿದವರು ಅಪರೂಪ. ಹೆಚ್ಚಿನವರನ್ನು ಕೆಮ್ಮಿನ ಮಿಕ್ಸ್‌ಚರ್ ಕೊಟ್ಟು ಕಳುಹಿಸಿದ್ದರು. ಈ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದುತ್ತ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮನೆಯಲ್ಲಿ ನಲವತ್ತು ವರ್ಷ ಹಠಮಾರಿಯೆನಿಸಿಕೊಂಡಿದ್ದ ಮನುಷ್ಯ ಆ 52 ಜನರ ಪಂಕ್ತಿಗೆ ಸೇರಿದವರಾಗಿದ್ದರು.

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥ. ಪ್ರಶ್ನೆಯನ್ನು ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ತರಗತಿಯಲ್ಲಿ ಇದನ್ನು ನಾನು ಎಷ್ಟೋ ಸಲ ವ್ಯಾಕರಣದ ಮಾತಾಗಿ ಹೇಳಿದ್ದೇನೆ. ತುಮಕೂರಿನಲ್ಲಿ ನಡೆದುದು ಎರಡೂ ಅರ್ಥದ ಕೇಳುವಿಕೆ. ರಾಮನಗರದ ಮಣಿಸರಕ್ಕೂ ಇದಕ್ಕೂ ಇರುವ ಅಂತರ ಇದೇ.

ಈ ತಿಳಿವಿನ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯನಿವಾರಣಾ ಕಾರ್ಯಕ್ರಮ ರೂಪುಗೊಂಡಿತು. ಅದರ ತತ್ತ್ವ ಹೀಗೆ: ರೋಗಿಯನ್ನು ಹುಡುಕುತ್ತ ಅಲೆಯಬೇಡಿ, ಅವನು ಆಗಲೇ ನಿಮ್ಮ ಬಾಗಿಲಿಗೆ ಬಂದಿದ್ದಾನೆ. ಬಹುದಿನ ಕೆಮ್ಮುವವನು ಬಂದರೆ ಸೀಸೆ ತುಂಬಿಸುವುದಕ್ಕೆ ಮೊದಲು ಅವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಕ್ರಿಮಿ ಕಂಡರೆ ಮನೆಯಲ್ಲಿಯೇ ನುಂಗಲು ಮಾತ್ರೆ ಕೊಡಿ. ಇದಕ್ಕೆ ದೊಡ್ಡ ಆಸ್ಪತ್ರೆ ಬೇಡ, ಹಳ್ಳಿಗೆ ಹತ್ತಿರದ ವೈದ್ಯಾಲಯವೇ ಸಾಕು. ಮೇಲ್ವಿಚಾರಣೆಗೆ ಜಿಲ್ಲೆಗೊಂದು ಕೇಂದ್ರ. ಕ್ಷಯಕ್ಕೆಂದೇ ಬೇರೆ ಸೈನ್ಯ ಕಟ್ಟುವ ಬದಲು ಸಾಮಾನ್ಯ ವೈದ್ಯಾಲಯವನ್ನೇ ಬಲಪಡಿಸಬೇಕೆಂಬ ಈ ಮಾತು ಅಂದಿಗೆ ಹೊಸದು. ಸಮೀಕ್ಷೆ ನಡೆಸಿದವರು ಬ್ಯಾನರ್ಜಿ ಮತ್ತು ಆಂಡರ್ಸನ್. ಅದರ ಕೀರ್ತಿ ಅವರದು. ಆದರೆ ಈ ವಿಚಾರದ ಬೀಜವನ್ನು ಇಲ್ಲಿಂದ ಪ್ರಪಂಚದ ಸಭೆಗೆ ಕೊಂಡೊಯ್ದವರು ಮಾಹ್ಲರ್.

ಅವರು 1962ರಲ್ಲಿ ಜಿನೀವಾದ ಕೇಂದ್ರಕಚೇರಿಯಲ್ಲಿ ಕ್ಷಯರೋಗ ವಿಭಾಗದ ಮುಖ್ಯಸ್ಥರಾದರು. 1970ರಲ್ಲಿ ಸಹಾಯಕ ಮಹಾನಿರ್ದೇಶಕರಾಗಿ 1973ರಲ್ಲಿ ಮಹಾನಿರ್ದೇಶಕರ ಪೀಠವನ್ನೇರಿದರು. ಮೂರು ಅವಧಿಗಳಲ್ಲಿ, 1988ರವರೆಗೆ, ಅಲ್ಲಿದ್ದರು. ಈ ಪದವಿಯಲ್ಲಿರುವವನ ಕೈಯಲ್ಲಿ ದಂಡವಿಲ್ಲ, ಸೈನ್ಯವಿಲ್ಲ. ಹಣವೂ ಸದಸ್ಯ ರಾಷ್ಟ್ರಗಳು ಕೊಟ್ಟಷ್ಟೇ. ನೂರಕ್ಕೂ ಮಿಕ್ಕ ಸರ್ಕಾರಗಳನ್ನು ಮಾತಿನಿಂದಲೇ ಒಪ್ಪಿಸಬೇಕು. ವೈದ್ಯನಾದವನು ಅಲ್ಲಿ ರಾಯಭಾರಿಯೂ ಆಗಬೇಕಾಗುತ್ತದೆ. ಪಾದ್ರಿಯ ಮಗನಾದ ಮಾಹ್ಲರ್ ಅವರಿಗೆ ಉಪದೇಶದ ವಾಣಿ ಸಹಜವಾಗಿದ್ದಿತೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು.

1977ರಲ್ಲಿ ಅವರ ಸಂಸ್ಥೆ ಅವಶ್ಯಕ ಔಷಧಗಳ ಮೊದಲ ಪಟ್ಟಿಯನ್ನು ಹೊರಡಿಸಿತು. ಪೇಟೆಯಲ್ಲಿ ಸಾವಿರಾರು ಔಷಧಗಳಿದ್ದರೂ ಒಂದು ದೇಶದ ಜನಸಾಮಾನ್ಯರ ಅಗತ್ಯಕ್ಕೆ ಸುಮಾರು ಇನ್ನೂರು ಸಾಕೆಂದು ಅದು ಸಾರಿತು. ಔಷಧ ಕಂಪನಿಗಳು ಕೆರಳಿದವು. ಅದೇ ವರ್ಷ ಪ್ರಪಂಚ ಆರೋಗ್ಯ ಸಭೆ '2000ದ ವೇಳೆಗೆ ಎಲ್ಲರಿಗೂ ಆರೋಗ್ಯ' ಎಂಬ ಗುರಿಯನ್ನು ಅಂಗೀಕರಿಸಿತು. ಮರುವರ್ಷ, 1978ರ ಸೆಪ್ಟೆಂಬರ್ 6ರಿಂದ 12ರವರೆಗೆ, ಅಂದಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಕಜಾಕಸ್ತಾನದ ಆಲ್ಮಾ ಆಟಾ ನಗರದಲ್ಲಿ 134 ರಾಷ್ಟ್ರಗಳ ಪ್ರತಿನಿಧಿಗಳು ಕೂಡಿದರು. ಸಮ್ಮೇಳನವನ್ನು ತಮ್ಮ ನೆಲದಲ್ಲಿಯೇ ನಡೆಸಬೇಕೆಂದು ಸೋವಿಯತ್ ಸರ್ಕಾರ ಹಟ ಹಿಡಿದಿದ್ದಿತು. ಮಾಹ್ಲರ್ ಅವರಿಗೆ ಮೊದಮೊದಲು ಅದರಲ್ಲಿ ಉತ್ಸಾಹವಿರಲಿಲ್ಲ. ರಷ್ಯದೊಡನೆ ವೈಮನಸ್ಯವಿದ್ದ ಚೀನ ಬರಲೇ ಇಲ್ಲ. ಹಳ್ಳಿಯ ಬರಿಗಾಲ ವೈದ್ಯರ ಮಾದರಿಯನ್ನು ಕೊಟ್ಟ ದೇಶವೇ ಹಳ್ಳಿಯ ಆರೋಗ್ಯದ ಸಭೆಗೆ ಗೈರುಹಾಜರಾಗಿದ್ದುದು ರಾಜತಂತ್ರದ ವಿಚಿತ್ರಗಳಲ್ಲೊಂದು. ಆದರೂ ಘೋಷಣೆ ಹೊರಬಂದಿತು. ಆರೋಗ್ಯ ಮನುಷ್ಯನ ಹಕ್ಕು. ತಮ್ಮ ಆರೋಗ್ಯದ ವ್ಯವಸ್ಥೆಯನ್ನು ಯೋಚಿಸುವುದರಲ್ಲಿ ಜನರಿಗೆ ಪಾಲಿರಬೇಕು. ಚಿಕಿತ್ಸೆ ಜನರು ಬಾಳುವ, ದುಡಿಯುವ ಎಡೆಗೆ ಹತ್ತಿರವಿರಬೇಕು ಎಂಬುದು ಅದರ ಸಾರ. ತುಮಕೂರಿನ ಪಾಠವನ್ನು ಬಲ್ಲವರಿಗೆ ಇದರಲ್ಲಿ ಪರಿಚಿತ ದನಿಯೊಂದು ಕೇಳಿಸದಿರದು.

1981ರಲ್ಲಿ ತಾಯಿಯ ಹಾಲಿಗೆ ಬದಲಾಗಿ ಡಬ್ಬಿಯ ಪುಡಿಯನ್ನು ಮಾರುವ ಕಂಪನಿಗಳ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆ ಸಭೆಯ ಮುಂದೆ ಬಂದಿತು. ಪರವಾಗಿ 118 ಮತ. ವಿರುದ್ಧ ಒಂದೇ ಒಂದು, ಅಮೆರಿಕದ್ದು. ಸಂಸ್ಥೆಗೆ ಎಲ್ಲರಿಗಿಂತ ಹೆಚ್ಚು ಹಣ ಕೊಡುತ್ತಿದ್ದ ದೇಶವೂ ಅದೇ. 1985ರಲ್ಲಿ ಆ ದೇಶ ತನ್ನ ವಂತಿಗೆಯನ್ನು ತಡೆಹಿಡಿದಾಗ, ಅವಶ್ಯಕ ಔಷಧಗಳ ವಿಷಯದ ಅಸಮಾಧಾನವೂ ಅದಕ್ಕೊಂದು ಕಾರಣವಾಗಿದ್ದಿತು. 1952ರಲ್ಲಿ ಕೆಲವು ರಾಷ್ಟ್ರಗಳ ಮುನಿಸಿಗೆ ಅಂಜಿ ಹಿಂದೆಗೆದ ಸಂಸ್ಥೆ ಈ ಸಲ ಮುನಿಸನ್ನು ಸಹಿಸಿಕೊಂಡು ನಿಂತಿತು.

ಹಾಗೆಂದು ಎಲ್ಲವೂ ಗೆಲುವಿನ ಕಥೆಯೆಂದರೆ ಚರಿತ್ರೆಗೆ ಅಪಚಾರವಾದೀತು. ಆಲ್ಮಾ ಆಟಾ ಮುಗಿದ ಮರುವರ್ಷವೇ, ಎಲ್ಲರಿಗೂ ಎಲ್ಲವೂ ಆಗದ ಮಾತು, ಕೆಲವು ರೋಗಗಳಿಗೆ ಅಗ್ಗದ ಕೆಲವು ಉಪಾಯಗಳನ್ನು ಮಾತ್ರ ಆರಿಸಿಕೊಳ್ಳೋಣ ಎಂಬ ವಾದ ಎದ್ದಿತು. ಹಣವಿದ್ದವರು ಅದರ ಬೆನ್ನಿಗೆ ನಿಂತರು. 2000ನೆಯ ಇಸವಿ ಬಂದಿತು, ಎಲ್ಲರಿಗೂ ಆರೋಗ್ಯ ಬರಲಿಲ್ಲ. ಏಡ್ಸ್ ರೋಗದ ಭೀಕರತೆಯನ್ನು ತಾವು ತಡವಾಗಿ ಅರಿತೆವೆಂದು ಮಾಹ್ಲರ್ ತಾವೇ ಒಪ್ಪಿಕೊಂಡರು. ಇಲ್ಲಿ ನಮ್ಮಲ್ಲಿಯೂ, 1962ರ ಕಾರ್ಯಕ್ರಮ ಕಾಗದದ ಮೇಲೆ ಇದ್ದಷ್ಟು ಸೊಗಸಾಗಿ ವೈದ್ಯಾಲಯದಲ್ಲಿ ನಡೆಯಲಿಲ್ಲ. ಸೂಕ್ಷ್ಮದರ್ಶಕವಿದ್ದೆಡೆ ನೋಡುವವರಿಲ್ಲ, ನೋಡುವವರಿದ್ದೆಡೆ ಮಾತ್ರೆಯಿಲ್ಲ. ಮಾತ್ರೆ ತೊಡಗಿದವರಲ್ಲಿ ಪೂರೈಸಿದವರು ಸಾಲದು. 1990ರ ದಶಕದಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು. ಇಂದಿಗೂ ಪ್ರಪಂಚದ ಕ್ಷಯರೋಗಿಗಳಲ್ಲಿ ಹೆಚ್ಚು ಕಡಮೆ ನಾಲ್ವರಲ್ಲೊಬ್ಬರು ಭಾರತದವರು. ಆದುದರಿಂದ ತುಮಕೂರಿನ ಪಾಠವನ್ನು ನಾವು ಪ್ರಪಂಚಕ್ಕೆ ಕಳುಹಿಸಿದೆವೆಂದು ಬೀಗುವುದಕ್ಕೆ ಮೊದಲು, ಮನೆಯಲ್ಲಿ ಅದನ್ನು ಎಷ್ಟು ಓದಿದೆವೆಂದು ಕೇಳಿಕೊಳ್ಳುವುದು ಒಳ್ಳೆಯದು.

ಪದವಿಯಿಂದಿಳಿದ ಮೇಲೆ ಮಾಹ್ಲರ್ 1989ರಿಂದ 1995ರವರೆಗೆ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟದ ಮುಖ್ಯಸ್ಥರಾಗಿದ್ದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಅರವತ್ತು ತುಂಬಿದಾಗ, ಎಂಬತ್ತೈದರ ವಯಸ್ಸಿನಲ್ಲಿ ಆ ಸಭೆಯ ಮುಂದೆ ನಿಂತು ಆಲ್ಮಾ ಆಟಾದ ಮಾತನ್ನು ಮತ್ತೆ ನೆನಪಿಸಿದರು. 2016ರ ಡಿಸೆಂಬರ್ 14ರಂದು ಜಿನೀವಾದಲ್ಲಿ ತೀರಿಕೊಂಡರು. ಆಗ ಅವರಿಗೆ 93 ವರ್ಷ. ನಮ್ಮ ಪತ್ರಿಕೆಗಳಲ್ಲಿ ಆ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ಬಳ್ಳಾರಿ ರಸ್ತೆಯ ಸಂಸ್ಥೆ ಮಾತ್ರ ಇಂದಿಗೂ ಇದೆ. ಅದರ ಮುಂದೆ ದಿನವೂ ಸಾವಿರಾರು ವಾಹನಗಳು ವಿಮಾನನಿಲ್ದಾಣದ ಕಡೆಗೆ ಓಡುತ್ತವೆ.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಜಾತ್ರೆಗೆ ಎತ್ತುಗಳನ್ನು ಹೊಡೆದುಕೊಂಡು ಬಂದವರು ರಸ್ತೆಯ ಬದಿಯಲ್ಲಿ ಬೀಡುಬಿಟ್ಟಿದ್ದರು. ಅಟ್ಟವನ್ನು ಗುಡಿಸುವಾಗ ಸೀಸೆ ಕೈಗೆ ಬಂದಿತು. ಕಾಗದದ ಪಟ್ಟಿ ಎಂದೋ ಉದುರಿ ಅಂಟಿನ ಗುರುತಷ್ಟೇ ಉಳಿದಿದೆ. ತಂದೆಯವರಿಗೆ ಅದನ್ನು ತೋರಿಸಿ, ತುಮಕೂರಿನ ಸಂಗತಿಯನ್ನೂ ಅಜ್ಜಿಯ ಮಾತನ್ನೂ ಸೇರಿಸಿ ಹೇಳಿದೆ. ಅವರಿಗೀಗ ಎಪ್ಪತ್ತು ದಾಟಿದೆ. ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಎಳ್ಳು ಬೀರಲು ಬಂದ ಪಕ್ಕದ ಮನೆಯ ಹುಡುಗ ಯಾವುದೋ ಮಾತಿಗೆ ದೊಡ್ಡ ತಾತನ ಹೆಸರೆತ್ತಿದಾಗ ಅವರು ನನ್ನ ಮುಖವನ್ನು ನೋಡಲಿಲ್ಲ, ಹುಡುಗನಿಗೆ ಹೇಳಿದರು: "ಹೋಗಿದ್ದರಪ್ಪ, ಆಸ್ಪತ್ರೆಗೆ ಮೂರು ಸಲ ಹೋಗಿದ್ದರು."